ಸಂಕಿರಣಕ್ಕೆ ಶುಲ್ಕ ಕಟ್ಟುವ ಮೊದಲು ಕುಲಸಚಿವರ ಕಚೇರಿಗೆ ಫೋನ್ ಮಾಡಿ

ರಾಯಚೂರಿನಲ್ಲಿ ‘ಅಂತಾರಾಷ್ಟ್ರೀಯ ವಿಚಾರ ಸಂಕಿರಣ’ ನಡೆಯಲಿದೆ ಎಂಬ ಆಹ್ವಾನ ಪತ್ರ ಈಗ ಅತಿಥಿ ಉಪನ್ಯಾಸಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದೇ ಸಂಸ್ಥೆ ಕಳೆದ ವರ್ಷ ಬಳ್ಳಾರಿಯಲ್ಲಿ ನಡೆಸಿದ ಸಂಕಿರಣಕ್ಕೆ ಕೊಪ್ಪಳದಿಂದ ನಾವು ಕೆಲವರು ಹೋಗಿದ್ದೆವು. ಹೆಸರು ಬರೆದರೆ ವಕೀಲರ ನೋಟಿಸ್ ಬರುತ್ತದೆ. ಲಕ್ಷಣ ಹೇಳುತ್ತೇನೆ, ಗುರುತು ನಿಮಗೇ ಸಿಗುತ್ತದೆ.

ಆಹ್ವಾನ ಪತ್ರದ ನೆತ್ತಿಯ ಮೇಲೆ ಒಂದು ವಿಶ್ವವಿದ್ಯಾಲಯದ ಲಾಂಛನ, ಪಕ್ಕದಲ್ಲಿ ‘ಸಹಯೋಗ’ ಎಂಬ ಮಾತು. ಸಂಶೋಧನಾರ್ಥಿಗಳಿಗೆ 1,500 ರೂಪಾಯಿ, ಅಧ್ಯಾಪಕರಿಗೆ 2,000. ಪ್ರಬಂಧ ಅಚ್ಚಾಗಬೇಕೆಂದರೆ ಬೇರೆ ದರ. ಸಾರಾಂಶ ಕಳಿಸಿದ ಅರ್ಧ ಗಂಟೆಯೊಳಗೆ ‘ತಜ್ಞರ ಸಮಿತಿ ಒಪ್ಪಿದೆ’ ಎಂಬ ಉತ್ತರ ಬಂತು. ಅಷ್ಟು ಚುರುಕಾದ ತಜ್ಞರು ಭೂಮಂಡಲದಲ್ಲಿ ಬೇರೆಲ್ಲೂ ಇರಲಾರರು.

ಸಂಕಿರಣ ನಡೆದದ್ದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಹೂವಿನ ಕಮಾನು ವೇದಿಕೆಯ ಮೇಲೆ ಹಾಗೇ ಇತ್ತು; ವಧೂವರರ ಹೆಸರಿನ ಮೇಲೆಯೇ ಬ್ಯಾನರ್ ಕಟ್ಟಿದ್ದರು. ಶಾಲು, ಹಾರ, ಪೇಟಗಳ ಸನ್ಮಾನ ಊಟದ ಹೊತ್ತಿನವರೆಗೂ ಎಳೆಯಿತು. ‘ಅಂತಾರಾಷ್ಟ್ರೀಯ’ ಎನ್ನಿಸಿಕೊಳ್ಳಲು ವಿದೇಶಿ ಪ್ರಾಧ್ಯಾಪಕರೊಬ್ಬರ ವಿಡಿಯೊ ಹಾಕಿದರು. ಅವರು ಅದರಲ್ಲಿ ಶುಭ ಕೋರಿದ್ದು ಬೇರೆ ಯಾವುದೋ ಸಮ್ಮೇಳನಕ್ಕೆ!

ಊಟದ ನಂತರ ಗೋಷ್ಠಿ. ಸಿಂಧನೂರಿನ ಸಂಶೋಧನಾರ್ಥಿಯೊಬ್ಬರು ಮಸ್ಕಿ ಶಾಸನದ ಬಗ್ಗೆ ಶ್ರದ್ಧೆಯಿಂದ ಸಿದ್ಧರಾಗಿ ಬಂದಿದ್ದರು. ಉಳಿದ ಶಾಸನಗಳ ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಶೋಕನೇ ಎಂಬುದನ್ನು 1915ರಲ್ಲಿ ಸಿಕ್ಕ ಈ ಶಾಸನ ಹೇಗೆ ಗಟ್ಟಿ ಮಾಡಿತು ಎಂದು ವಿವರಿಸಲು ಹೊರಟರು. ಅಶೋಕನ ಹೆಸರು ಬರುವ ಮೊದಲೇ ಮೈಕ್ ಕಸಿದುಕೊಂಡರು. ‘ಶೀರ್ಷಿಕೆ ಓದಿ, ಫೋಟೊ ತೆಗೆಸಿಕೊಳ್ಳಿ, ಸಾಕು’ ಎಂದರು ಅಧ್ಯಕ್ಷರು.

ನನ್ನ ಪ್ರಬಂಧ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನ ಶಿಲಾಸಮಾಧಿಗಳದ್ದು. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದ ತಾಣ. ತಿಂಗಳುಗಳ ನಂತರ ಪುಸ್ತಕ ಬಂತು. ನಾನು ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿ ಕಳಿಸಿದ್ದೆ. ಅವರು ಫಾಂಟ್ ಪರಿವರ್ತಿಸದೆ ಹಾಗೇ ಅಚ್ಚಿಗೆ ಕೊಟ್ಟಿದ್ದಾರೆ. ಪುಟದ ತುಂಬ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಕನ್ನಡದಲ್ಲಿ ಉಳಿದದ್ದು ನನ್ನ ಹೆಸರು ಮಾತ್ರ. ಒಬ್ಬರಾದರೂ ಕರಡು ತಿದ್ದಿದ್ದರೆ ಇದು ಕಣ್ಣಿಗೆ ಬೀಳದೇ ಇರುತ್ತಿರಲಿಲ್ಲ.

ಈ ದಂಧೆ ಬೆಳೆದದ್ದಕ್ಕೆ ಕಾರಣವಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ನೇಮಕಾತಿ, ಬಡ್ತಿಗೆ ಲೆಕ್ಕ ಹಿಡಿಯುವ ಅಂಕ ಪಟ್ಟಿಯಿದೆ. ಅದರಲ್ಲಿ ದೇಶದೊಳಗಿನ ಅಂತಾರಾಷ್ಟ್ರೀಯ ಸಂಕಿರಣದ ಪ್ರಬಂಧ ಮಂಡನೆಗೆ 5 ಅಂಕ, ರಾಷ್ಟ್ರೀಯಕ್ಕೆ 3, ರಾಜ್ಯ ಮಟ್ಟದ್ದಕ್ಕೆ 2. ಬ್ಯಾನರಿನಲ್ಲಿ ಒಂದು ಪದ ಬದಲಾದರೆ ದರವೂ ಏರುತ್ತದೆ. ‘ಐಎಸ್‌ಬಿಎನ್ ಇರುವ ಪುಸ್ತಕ’ ಎಂದು ದೊಡ್ಡದಾಗಿ ಬರೆದಿರುತ್ತಾರಲ್ಲ, ಆ 13 ಅಂಕಿಯ ಸಂಖ್ಯೆ ಪುಸ್ತಕದ ಗುರುತಷ್ಟೇ. ನಮ್ಮ ದೇಶದಲ್ಲಿ ಅದನ್ನು ಸರ್ಕಾರಿ ಸಂಸ್ಥೆ ಪ್ರಕಾಶಕರಿಗೆ ಉಚಿತವಾಗಿ ಕೊಡುತ್ತದೆ. ಒಳಗಿನ ಬರಹವನ್ನು ಯಾರೂ ಪರಿಶೀಲಿಸಿರುವುದಿಲ್ಲ.

ಪಿಎಚ್‌ಡಿ ವಿದ್ಯಾರ್ಥಿಗಳೇ ಇವರಿಗೆ ಸುಲಭದ ತುತ್ತು. ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಣೆ, ಸಂಕಿರಣಗಳಲ್ಲಿ ಮಂಡನೆ ಕಡ್ಡಾಯ ಎಂಬ ಷರತ್ತನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಏನು ಕೇಳುತ್ತದೆ ಎಂಬುದನ್ನು ಮಾರ್ಗದರ್ಶಕರಲ್ಲಿ ವಿಚಾರಿಸಿ, ಆಯೋಜಕರಲ್ಲಿ ಅಲ್ಲ.

ಲಾಂಛನವಿದ್ದ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದಾಗ, ಇಂಥ ಸಹಯೋಗಕ್ಕೆ ಅನುಮತಿಯನ್ನೇ ಕೊಟ್ಟಿಲ್ಲ ಎಂದರು. ಆದ್ದರಿಂದ ಮೊದಲು ಅನುಮತಿ ಪತ್ರದ ಪ್ರತಿ ಕೇಳಿ. ಹಣ ಹೋಗುವ ಖಾತೆ ಯಾರ ಹೆಸರಿನಲ್ಲಿದೆ ನೋಡಿ. ನಮ್ಮದು ಹೋದದ್ದು ಖಾಸಗಿ ವ್ಯಕ್ತಿಯೊಬ್ಬರ ಯುಪಿಐಗೆ. ಈಗಾಗಲೇ ಕಟ್ಟಿದವರು ಪಾವತಿಯ ವಿವರದೊಂದಿಗೆ ಕುಲಸಚಿವರಿಗೆ ಲಿಖಿತ ದೂರು ಕೊಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಿ. ನಮ್ಮ ದೂರಿಗೆ ಸ್ವೀಕೃತಿ ಸಿಕ್ಕಿದೆ, ಹಣ ಇನ್ನೂ ಬಂದಿಲ್ಲ.