ಹಳೇ ನೂರು ಸಿಸಿ ಬೈಕು, 24 ವರ್ಷದ ಮೇಲೆ: ಪೆಟ್ರೋಲ್ ಸೋರುತ್ತಿದ್ದದ್ದು ಎಲ್ಲಿಂದ?

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಬೈಕಿನ ವಿಮರ್ಶೆ ಅಲ್ಲ. ನಮ್ಮದು 2001ರ ಗಾಡಿ. ನೂರು ಸಿಸಿ, ನಾಲ್ಕು ಸ್ಟ್ರೋಕ್, ನಾಲ್ಕು ಗೇರು, ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನಿಗೆ ಕಳಿಸುವ ಭಾಗ). ಕಂಪನಿ ಹೆಸರು ಬೇಡ. ಬೆಳಗ್ಗೆ ಡೈರಿಗೆ ಹಾಲು ಹಾಕಲು ಬರುವವರ ಕ್ಯಾನ್ ಯಾವ ಗಾಡಿಗೆ ನೇತಾಡುತ್ತಿರುತ್ತದೋ ಅದೇ ಗಾಡಿ. ಅಪ್ಪ ಹಾಸನದಲ್ಲಿ ಕೆಲಸದಲ್ಲಿದ್ದಾಗ ತೆಗೆದುಕೊಂಡದ್ದು, ಹಾಗಾಗಿ ಪ್ಲೇಟಿನಲ್ಲಿ ಇನ್ನೂ ಕೆಎ 13. ಹತ್ತು ವರ್ಷದಿಂದ ನಾನು ಓಡಿಸುತ್ತಿದ್ದೇನೆ. ಚಿಕ್ಕಮಗಳೂರಿನಿಂದ ಆಲ್ದೂರು ಕಡೆಯ ತೋಟಕ್ಕೆ, ವಾರಕ್ಕೆ ಆರು ದಿನ. ಮೀಟರ್ 99,999 ದಾಟಿ ಸೊನ್ನೆಗೆ ಬಂದು ಮತ್ತೆ ನಲವತ್ತು ಸಾವಿರದ ಹತ್ತಿರ ನಿಂತಿದೆ.

ಒಳ್ಳೆಯದು ಏನು? ಲೀಟರಿಗೆ 60ರ ಆಸುಪಾಸು ಕೊಡುತ್ತದೆ. ಡಿಸೆಂಬರ್ ಚಳಿಯಲ್ಲೂ ಚೋಕ್ ಎಳೆದು ಎರಡು ಕಿಕ್ ಹೊಡೆದರೆ ಎದ್ದುಬಿಡುತ್ತದೆ. ಬಿಡಿಭಾಗ ಯಾವ ಹೋಬಳಿಯಲ್ಲೂ ಸಿಗುತ್ತದೆ. ಕೆಟ್ಟದ್ದು ಅಂದರೆ ಮಳೆಯಲ್ಲಿ ಡ್ರಮ್ ಬ್ರೇಕು ದೇವರ ಮೇಲೆ ಭಾರ. ಮಂಜು ಬಿದ್ದಾಗ ಹೆಡ್‌ಲೈಟು ಇದ್ದೂ ಇಲ್ಲದ ಹಾಗೆ. 15 ವರ್ಷ ತುಂಬಿದ ಮೇಲೆ ಆರ್‌ಸಿಯನ್ನು ಐದೈದು ವರ್ಷಕ್ಕೆ ರಿನ್ಯೂ ಮಾಡಿಸುವ ತಲೆನೋವು ಬೇರೆ. ಇಷ್ಟೆಲ್ಲ ಈ ಗಾಡಿ ಇರುವವರಿಗೆಲ್ಲ ಗೊತ್ತಿರುವುದೇ. ನಾನು ಬರೆಯಲು ಕೂತದ್ದು ಹೋದ ವರ್ಷದ ಮಳೆಗಾಲದ ಕಥೆ.

ಜುಲೈ ತಿಂಗಳು. ನಮ್ಮ ಮನೆಯಲ್ಲಿ ಗಾಡಿ ನಿಲ್ಲಿಸುವ ಶೀಟಿನ ಮಾಡು ಬಚ್ಚಲಿಗೆ ಅಂಟಿಕೊಂಡಿದೆ. ಬಚ್ಚಲಲ್ಲಿ ಹಂಡೆ ಒಲೆ. ಒಂದು ಬೆಳಗ್ಗೆ ಅಮ್ಮ ಒಲೆ ಹಚ್ಚದೆ ವಾಪಸ್ ಬಂದರು. "ಪೆಟ್ರೋಲ್ ವಾಸನೆ ಕಣೋ, ಬೆಂಕಿಕಡ್ಡಿ ಗೀರೋಕೆ ಭಯ ಆಯ್ತು" ಅಂದರು. ಅವರ ಮೂಗಿಗೆ ನಾನು ಇವತ್ತಿಗೂ ಋಣಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೆಲಕ್ಕೆ ಅಂಟಿ ಹರಿದುಕೊಂಡು ಹೋಗುತ್ತದೆ. ಒಲೆ ಇರುವುದೂ ನೆಲದಲ್ಲೇ ಅಲ್ವಾ? ಅವತ್ತೇ ಗಾಡಿಯನ್ನು ಅಂಗಳದ ಆಚೆ ತುದಿಗೆ ದೂಡಿ, ಮೇಲೊಂದು ಟಾರ್ಪಾಲು ಹೊದೆಸಿದೆ.

ನೋಡಿದರೆ ಇಂಜಿನ್ ಕೆಳಗೆ ಒದ್ದೆ. ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆ. ಅವನು ಬಗ್ಗಿ ನೋಡಿದ್ದು ಅರ್ಧ ನಿಮಿಷ. "ಕಾರ್ಬೊರೇಟರ್ ಹೋಗಿದೆ ಸರ್, ಹೊಸದೇ ಹಾಕ್ಬಿಡೋಣ." ಕಂಪನಿಯದಲ್ಲ, ಅದೇ ತರಹದ್ದು. ಕೂಲಿ ಸೇರಿ 1,400 ರೂಪಾಯಿ. ಹಳೆಯದನ್ನು ನಾನೇ ಕೇಳಿ ವಾಪಸ್ ತಂದೆ. ಅದೊಂದು ಒಳ್ಳೇ ಕೆಲಸ ಮಾಡಿದ್ದೆ.

ಹೊಸದು ಮೂರು ವಾರ ಸುಮ್ಮನಿತ್ತು. ನಾಲ್ಕನೇ ವಾರ ಅದೇ ವಾಸನೆ. ಮೈಲೇಜು 45ಕ್ಕೆ ಇಳಿಯಿತು. ಗ್ಯಾರೇಜಿನವನು ಈ ಸಲ "ಇವಾಗಿನ ಪೆಟ್ರೋಲೇ ಸರಿಯಿಲ್ಲ ಸರ್" ಅಂದ. ಇನ್ನು ಇವನ ಹತ್ತಿರ ಬೇಡ, ಒಂದು ಭಾನುವಾರ ನಾನೇ ಕೂರೋಣ ಅನ್ನಿಸಿತು.

ಪೆಟ್ರೋಲ್ ಸೋರಿಕೆ ಹಿಡಿಯುವುದು ನೀರಿನ ಸೋರಿಕೆ ಹಿಡಿದಷ್ಟು ಸುಲಭ ಅಲ್ಲ. ಹನಿ ಬಿದ್ದ ಜಾಗ ನೋಡುವಷ್ಟರಲ್ಲಿ ಆರಿಹೋಗಿರುತ್ತದೆ. ಮೇಲೆ ಸೋರಿದ್ದು ಪೈಪಿನ ಮೈ ಹಿಡಿದು ಇಳಿದು ಕಾರ್ಬೊರೇಟರ್ ತಳದಲ್ಲಿ ತೊಟ್ಟಿಕ್ಕುತ್ತದೆ. ನಾವು ಕಾರ್ಬೊರೇಟರಿಗೆ ಬೈಯುತ್ತೇವೆ. ಹಾಗಾಗಿ ಮೊದಲು ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಟ್ಯಾಂಕಿನ ತಳ, ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ), ಪೈಪು, ಕಾರ್ಬೊರೇಟರ್ ಎಲ್ಲದಕ್ಕೂ ಮಗಳ ಪೌಡರ್ ಡಬ್ಬಿಯಿಂದ ತೆಳ್ಳಗೆ ಪೌಡರ್ ಉದುರಿಸಿದೆ. ಕೆಳಗೆ ಹಳೇ ಪೇಪರ್ ಹಾಸಿದೆ. ಆಮೇಲೆ ಕಾಕ್ ಆನ್ ಮಾಡಿ, ದೂರ ಕೂತು ಕಾಫಿ ಕುಡಿದೆ.

ಹತ್ತು ನಿಮಿಷದಲ್ಲಿ ಪೇಪರ್ ಮೇಲೆ ಒಂದು ಮಚ್ಚೆ. ಕಾರ್ಬೊರೇಟರಿನಿಂದ ಕೆಳಗೆ ಇಳಿಬಿಟ್ಟ ಓವರ್‌ಫ್ಲೋ ಪೈಪಿನ ತುದಿಯಿಂದ ಹನಿ. ಮೇಲಿನ ಪೌಡರೆಲ್ಲ ಒಣಗೇ ಇತ್ತು. ಅಂದರೆ ಟ್ಯಾಂಕು, ಪೈಪು, ಕ್ಲಿಪ್ಪು ಬಚಾವ್. ಕಾರ್ಬೊರೇಟರ್ ಒಡೆದೂ ಇಲ್ಲ, ಅದರ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ಗ್ಯಾಸ್ಕೆಟ್ಟೂ ಹೋಗಿಲ್ಲ. ಒಳಗೆ ಪೆಟ್ರೋಲ್ ತುಂಬಿ ತುಳುಕುತ್ತಿದೆ, ಅಷ್ಟೆ. ಬಟ್ಟಲಿನಲ್ಲಿ ಪೆಟ್ರೋಲ್ ಏರಿದಾಗ ಫ್ಲೋಟ್ ಅನ್ನುವ ತೇಲುವ ತುಂಡು ಮೇಲೆ ಬಂದು ಒಂದು ಸಣ್ಣ ನೀಡಲನ್ನು ಒತ್ತಿ ದಾರಿ ಮುಚ್ಚಬೇಕು. ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿ ಚೆಂಡು ತೇಲಿ ನೀರು ನಿಲ್ಲುವ ಹಾಗೆ. ಆ ನೀಡಲ್ ಸರಿಯಾಗಿ ಕೂರುತ್ತಿಲ್ಲ.

ಸರಿ, ನೀಡಲ್ ಬದಲಾಯಿಸಿದರೆ ಮುಗಿಯಿತು ಅಂದುಕೊಂಡೆ. ಆದರೆ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ನಾನು ರಾತ್ರಿ ಕಾಕ್ ಆಫ್ ಮಾಡೇ ಮಲಗುವವನು. ಆಫ್ ಮಾಡಿದ ಮೇಲೆ ಬಟ್ಟಲಿನಲ್ಲಿರುವ ಒಂದಿಷ್ಟು ಪೆಟ್ರೋಲ್ ಬಿಟ್ಟರೆ ಬೇರೆ ಬರಬಾರದು. ಬೆಳಗಿನವರೆಗೂ ಸೋರಲು ಅದು ಎಲ್ಲಿಂದ ಬಂತು?

ಆ ರಾತ್ರಿ ಪೈಪನ್ನು ಕಾರ್ಬೊರೇಟರಿನಿಂದ ಕಿತ್ತು ಅದರ ತುದಿಯನ್ನು ಒಂದು ಗಾಜಿನ ಬಾಟಲಿಗೆ ಇಳಿಸಿದೆ. ಕಾಕ್ ಆಫ್. ಅಂಗಳದ ಮೂಲೆ, ಸುತ್ತ ಬೆಂಕಿ ಇಲ್ಲ, ಯಾರೂ ಬೀಡಿ ಹಚ್ಚುವ ಹಾಗಿಲ್ಲ. ಬೆಳಗ್ಗೆ ನೋಡಿದರೆ ಬಾಟಲಿಯಲ್ಲಿ ಸುಮಾರು ಒಂದು ನೈಂಟಿ! ನಮ್ಮೂರಲ್ಲಿ ಈ ಅಳತೆ ಯಾರಿಗೂ ವಿವರಿಸಬೇಕಿಲ್ಲ. ಅಂದರೆ ಕಾಕ್ ಆಫ್ ಆದರೂ ಮುಚ್ಚುತ್ತಿರಲಿಲ್ಲ. ಸೋರಿಕೆ ಒಂದಲ್ಲ, ಎರಡು. ನೀಡಲ್ ಸರಿ ಇದ್ದಿದ್ದರೆ ಕಾಕ್ ಕೆಟ್ಟದ್ದು ಗೊತ್ತೇ ಆಗುತ್ತಿರಲಿಲ್ಲ. ಕಾಕ್ ಸರಿ ಇದ್ದಿದ್ದರೆ ನಿಂತ ಗಾಡಿಯಲ್ಲಿ ಇಷ್ಟು ವಾಸನೆ ಬರುತ್ತಿರಲಿಲ್ಲ.

ಆ ಬಾಟಲಿ ಇನ್ನೊಂದು ಸುಳಿವು ಕೊಟ್ಟಿತು. ಮಧ್ಯಾಹ್ನದವರೆಗೆ ಅಲುಗಾಡಿಸದೆ ಬಿಟ್ಟಿದ್ದೆ. ತಳದಲ್ಲಿ ಬೆರಳಗಲ ಮಸುಕು ಪದರ, ಅದರ ಕೆಳಗೆ ಕೆಂಪು ಹುಡಿ. ನೀರು ಮತ್ತು ತುಕ್ಕು.

ಇಲ್ಲಿ ಆಲ್ದೂರಿನ ಒಬ್ಬ ಹಳೇ ಬೈಕ್ ಮೇಸ್ತ್ರಿ ನೆರವಿಗೆ ಬಂದರು. ಬಾಟಲಿ ಎತ್ತಿ ಬೆಳಕಿಗೆ ಹಿಡಿದು, "ನೀನು ಯಾವಾಗಲೂ ರಿಸರ್ವಲ್ಲೇ ಓಡಿಸ್ತೀಯ ಅಲ್ವಾ ಮಾರಾಯ?" ಅಂದರು. ಹೌದು. ನೂರು ರೂಪಾಯಿ, ಇನ್ನೂರು ರೂಪಾಯಿ ಹಾಕಿಸಿಕೊಂಡು ಓಡಿಸುವ ಜಾತಿ ನಾನು. ಕಾಕಿನ ಮೇಲೆ ಟ್ಯಾಂಕಿನ ಒಳಕ್ಕೆ ಒಂದು ಕೊಳವೆ ನಿಂತಿರುತ್ತದೆ. ಆನ್‌ನಲ್ಲಿದ್ದಾಗ ಅದರ ಮೇಲ್ತುದಿಯಿಂದ ಪೆಟ್ರೋಲ್ ಬರುತ್ತದೆ, ರಿಸರ್ವ್‌ನಲ್ಲಿ ಟ್ಯಾಂಕಿನ ತಳದಿಂದ. ತಳದಲ್ಲಿ ಏನಿದೆಯೋ ಅದೆಲ್ಲ ಬರುತ್ತದೆ. ಖಾಲಿ ಟ್ಯಾಂಕಿನ ಒಳಮೈಗೆ ಮಳೆಗಾಲದ ತೇವ ಕೂತು ತುಕ್ಕು. ಕ್ಯಾಪಿನ ರಬ್ಬರ್ ಸತ್ತು ಹೋಗಿ ಮಳೆನೀರೂ ಇಳಿಯುತ್ತಿತ್ತು. ಕಾಕಿನ ಜಾಲರಿ ಬಿಚ್ಚಿದರೆ ಅರ್ಧ ಹರಿದಿತ್ತು. ಹೊಸ ಕಾರ್ಬೊರೇಟರಿಗೆ ಮೂರೇ ವಾರದಲ್ಲಿ ಹಳೇ ರೋಗ ಅಂಟಿದ್ದು ಹೀಗೆ. ತುಕ್ಕಿನ ಒಂದು ಕಣ ನೀಡಲಿಗೂ ಅದು ಕೂರುವ ಜಾಗಕ್ಕೂ ನಡುವೆ ಕೂತರೆ ಸಾಕು.

ಎಥನಾಲ್ ವಿಷಯಕ್ಕೂ ಬರೋಣ, ಟೀ ಅಂಗಡಿಯಲ್ಲಿ ಈಗ ಎಲ್ಲದಕ್ಕೂ ಅದೇ ಕಾರಣ. 2022ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 10 ಪಾಲು ಎಥನಾಲ್ ಬಂದಿತ್ತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ20 ಬಿಡುಗಡೆ ಆಯಿತು, ಅಂದರೆ 20 ಪಾಲು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಹಳೇ ಕಾಲದ ರಬ್ಬರಿಗೂ ಅದು ಆಗಿಬರುವುದಿಲ್ಲ. ಅಷ್ಟು ನಿಜ. ಆದರೆ ನನ್ನ ಕಾಕಿನ ಒಳಗಿದ್ದ ನಾಲ್ಕು ತೂತಿನ ರಬ್ಬರ್ ವಾಷರ್ ಅಪ್ಪನ ಕಾಲದ್ದು, ಕಲ್ಲಿನ ಹಾಗೆ ಆಗಿತ್ತು. 24 ವರ್ಷದ ರಬ್ಬರು ಕೆಟ್ಟರೆ ಎಥನಾಲನ್ನೊಂದೇ ಬೈದರೆ ಹೇಗೆ?

ಮೇಸ್ತ್ರಿ ಇನ್ನೊಂದು ನೋಡಲು ಹೇಳಿದರು. ಇಂಜಿನ್ ಆಯಿಲ್. ಡಿಪ್‌ಸ್ಟಿಕ್ ತೆಗೆದರೆ ಮಟ್ಟ ಗುರುತಿಗಿಂತ ಮೇಲಿತ್ತು, ನಾನು ಆಯಿಲ್ ಹಾಕಿಯೇ ಇರಲಿಲ್ಲ. ಮೂಸಿದರೆ ಪೆಟ್ರೋಲ್. ತುಂಬಿ ತುಳುಕಿದ್ದು ಎಲ್ಲವೂ ಹೊರಗೆ ಬರುವುದಿಲ್ಲ. ಒಂದಿಷ್ಟು ಇಂಜಿನ್ ಒಳಕ್ಕೆ ಹೋಗಿ, ಪಿಸ್ಟನ್ ರಿಂಗ್ ದಾಟಿ ಆಯಿಲಿಗೆ ಇಳಿಯುತ್ತದೆ. ಆ ತೆಳುವಾದ ಆಯಿಲಿನಲ್ಲೇ ಘಾಟಿ ಹತ್ತಿಸಿದರೆ ಬೇರಿಂಗ್ ಕಥೆ ಮುಗಿಯಿತು. ಪೆಟ್ರೋಲ್ ಸೋರುವ ಗಾಡಿ ಇರುವವರು ದಯವಿಟ್ಟು ಇದೊಂದು ನೋಡಿ. ನನ್ನ ಗ್ಯಾರೇಜಿನವನು ಎರಡು ಸಲವೂ ನೋಡಿರಲಿಲ್ಲ.

ರಿಪೇರಿಗೆ ಒಂದು ವಾರ ಹಿಡಿಯಿತು. ಟ್ಯಾಂಕ್ ಬಿಚ್ಚಿ ಖಾಲಿ ಮಾಡಿ, ಸಣ್ಣ ನಟ್ಟು ಬೋಲ್ಟು ಹಾಕಿ ಕುಲುಕಿದೆವು. ಆಮೇಲೆ ಬಿಸಿನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ತುಂಬಿ ಒಂದು ರಾತ್ರಿ ಬಿಟ್ಟೆವು. ಬೆಳಗ್ಗೆ ಹೊರಬಂದ ನೀರು ಥೇಟ್ ರಾಗಿ ಅಂಬಲಿ ಬಣ್ಣ. ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲು ಬಂದ ದಿನ ಕಾದು ಒಣಗಿಸಿ, ತಕ್ಷಣ ಸ್ವಲ್ಪ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಒಳಮೈಗೆಲ್ಲ ಹಚ್ಚಿದೆವು. ತಡ ಮಾಡಿದರೆ ಗಂಟೆಯೊಳಗೆ ಮತ್ತೆ ತುಕ್ಕು ಹಿಡಿಯುತ್ತದೆ. ಪುಣ್ಯಕ್ಕೆ ತೂತು ಬೀಳಲಿಲ್ಲ. ಬಿದ್ದಿದ್ದರೂ ಸಿಕ್ಕ ಕಡೆ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆಲ್ಲ ಆವಿ ಇರುತ್ತದೆ.

ಪೂರ್ತಿ ಹೊಸ ಕಾಕ್, ಕಂಪನಿಯದ್ದು, 280 ರೂಪಾಯಿ. ಡಬ್ಬಿಯಲ್ಲಿ ಇಟ್ಟಿದ್ದ ಹಳೇ ಕಾರ್ಬೊರೇಟರನ್ನೇ ತೊಳೆದು, ನೀಡಲ್ ಮತ್ತು ಗ್ಯಾಸ್ಕೆಟ್ ಹೊಸದು ಹಾಕಿದರು, 190. ರಬ್ಬರ್ ಪೈಪು ಮತ್ತು ಎರಡು ಕ್ಲಿಪ್ಪು, 60. ಒಳಗೆ ಪೆಟ್ರೋಲ್ ಕಾಣುತ್ತದೆ ಅಂತ ಬಿಳೀ ಪ್ಲಾಸ್ಟಿಕ್ ಪೈಪು ಹಾಕಿಸುವವರಿದ್ದಾರೆ. ನಾನೂ ಒಮ್ಮೆ ಹಾಕಿಸಿದ್ದೆ, ಹಳದಿ ತಿರುಗಿ ಕಡ್ಡಿಯಂತಾಯಿತು. ಬೇಡ. ಆಯಿಲ್ ಬೇರೆ, ಮೇಸ್ತ್ರಿ ಕೂಲಿ ಬೇರೆ. ಎಲ್ಲ ಸೇರಿ ಆ 1,400ಕ್ಕಿಂತ ಕಡಿಮೆಯೇ ಆಯಿತು.

ಹಾಕುವ ಮೊದಲು ಮೇಸ್ತ್ರಿ ಕಾರ್ಬೊರೇಟರನ್ನು ತಲೆಕೆಳಗು ಹಿಡಿದು ಪೆಟ್ರೋಲ್ ಬರುವ ತೂತಿಗೆ ಪೈಪಿಟ್ಟು ಬಾಯಲ್ಲಿ ಊದಿದರು. ಫ್ಲೋಟಿನ ಭಾರಕ್ಕೆ ನೀಡಲ್ ಕೂತು ಗಾಳಿ ನಿಂತರೆ ಪಾಸ್. ಅದೇ ಊದುವ ಪರೀಕ್ಷೆಯನ್ನು ನಾನು ಆಮೇಲೆ ಆ ಹೊಸ ಕಾರ್ಬೊರೇಟರಿಗೂ ಮಾಡಿದೆ. ತೊಳೆದ ಮೇಲೂ ಬುಸ್ ಅಂತ ಗಾಳಿ ಹೋಗುತ್ತಿತ್ತು. ಅದೀಗ ಪಂಪ್‌ಹೌಸ್ ಕಿಟಕಿಯಲ್ಲಿ ಬಿಲ್ಲುಗಳ ಮೇಲೆ ಭಾರಕ್ಕೆ ಕೂತಿದೆ.

ಇದೆಲ್ಲ ಆಗಿ ಒಂಬತ್ತು ತಿಂಗಳು. ಒಂದು ಹನಿ ಬಿದ್ದಿಲ್ಲ. ಮೈಲೇಜು 58. ಜನವರಿಯಲ್ಲಿ ಕೈಮರ ಊರಿನ ಮೂಲಕ ಮುಳ್ಳಯ್ಯನಗಿರಿ ಕಡೆ ಒಬ್ಬನೇ ಹೋಗಿ ಬಂದೆ. 1,930 ಮೀಟರ್ ಎತ್ತರದ ಬೆಟ್ಟ. ಗಾಳಿ ತೆಳುವಾದಂತೆ ಕಾರ್ಬೊರೇಟರ್ ಗಾಡಿ ಸ್ವಲ್ಪ ಉಬ್ಬಸಪಡುವುದು ಇದ್ದದ್ದೇ, ಅದು ರೋಗ ಅಲ್ಲ. ಇಳಿಯುವಾಗ ಮೊದಲು ಮೂಗಿಗೆ ಹೊಡೆಯುತ್ತಿದ್ದ ವಾಸನೆ ಈ ಸಲ ಇರಲಿಲ್ಲ. ಈಗ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಇಳಿಜಾರಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ರಾತ್ರಿಯಿಡೀ ಬಿಡುವುದಿಲ್ಲ, ವಾಲಿದ ಗಾಡಿಯಲ್ಲಿ ಫ್ಲೋಟ್ ಲೆಕ್ಕ ತಪ್ಪುತ್ತದೆ.

ಗಾಡಿಗೆ ಐದಕ್ಕೆ ನಾಲ್ಕು. ಒಂದು ಕಳೆದದ್ದು ಹೆಡ್‌ಲೈಟಿಗೆ ಮತ್ತು ಬ್ರೇಕಿಗೆ, ಸೋರಿಕೆಗೆ ಅಲ್ಲ. ಅಮ್ಮ ಮಾತ್ರ ಗಾಡಿಯನ್ನು ಬಚ್ಚಲ ಪಕ್ಕಕ್ಕೆ ಇನ್ನೂ ಬಿಟ್ಟುಕೊಂಡಿಲ್ಲ. ಟ್ಯಾಂಕ್ ಕ್ಯಾಪಿನ ಹೊಸ ರಬ್ಬರ್ ತಂದಿಟ್ಟು ಎರಡು ತಿಂಗಳಾಯಿತು, ಹಾಕಿಲ್ಲ. ಮಳೆ ಶುರುವಾಗುವ ಮೊದಲು ಹಾಕಬೇಕು. ಅಲ್ಲಿಯವರೆಗೆ ಕ್ಯಾಪಿನ ಮೇಲೆ ಹಾಲಿನ ಕವರು.