ಮಗುವಿನ ಡಾಕ್ಟರ್ ಟೋಕನ್‌ಗೆ ಗೂಗಲ್‌ನಲ್ಲಿ ಸಿಕ್ಕ ನಂಬರ್ ನಂಬಬೇಡಿ: 10 ರೂಪಾಯಿ ಕಟ್ಟಲು ಹೋಗಿ 87,500 ಕಳಕೊಂಡೆ

ಓಟಿಪಿ ನಾನು ಯಾರಿಗೂ ಹೇಳಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಹತ್ತು ದಿನದಿಂದ ಸಿಕ್ಕವರೆಲ್ಲ ಕೇಳ್ತಿರೋದು ಅದೊಂದೇ. ಗಂಡ ಕೇಳಿದ್ರು, ಬ್ಯಾಂಕಿನವರು ಕೇಳಿದ್ರು, ಊರಿಂದ ನಮ್ಮಮ್ಮನೂ ಫೋನ್ ಮಾಡಿ "ಓಟಿಪಿ ಯಾಕೆ ಹೇಳ್ದೆ ಕಣೇ" ಅಂದ್ಲು. ಅವಳಿಗೆ ಓಟಿಪಿ ಅಂದ್ರೇನು ಅಂತ ಕಲಿಸಿದ್ದೇ ನಾನು. ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಮಗನಿಗೆ ನಾಲ್ಕು ವರ್ಷ. ಮೂರನೇ ರಾತ್ರಿಯೂ ಜ್ವರ 103. ಪ್ಯಾರಾಸಿಟಮಾಲ್ ಹಾಕಿದ್ರೆ ಸ್ವಲ್ಪ ಹೊತ್ತು ಇಳಿಯೋದು, ಮತ್ತೆ ಮೈ ಕೆಂಡ. ಮಳೆಗಾಲದಲ್ಲಿ ಬೆಂಗಳೂರಲ್ಲಿ ಮಗುಗೆ ಜ್ವರ ಬಿಡದಿದ್ರೆ ತಲೆಯಲ್ಲಿ ಓಡೋದು ಡೆಂಗ್ಯೂನೇ. ಮಾಮೂಲಿ ತೋರಿಸೋ ಡಾಕ್ಟ್ರು ಊರಲ್ಲಿರಲಿಲ್ಲ. ಪಕ್ಕದ ಮನೆಯವರು ಇನ್ನೊಂದು ಆಸ್ಪತ್ರೆ ಹೇಳಿದ್ರು. ಎಂಟಕ್ಕೆ ಫೋನ್ ಮಾಡಿ ಹೆಸರು ಬರೆಸಬೇಕು, ಎಂಟೂ ಹತ್ತಕ್ಕೆ ಟೋಕನ್ ಖಾಲಿ. ಇದೆಲ್ಲ ನಿಮಗೆ ಗೊತ್ತಿರೋದೇ. ಏಳೂ ಐವತ್ತೈದಕ್ಕೆ ಗೂಗಲ್‌ನಲ್ಲಿ ಆಸ್ಪತ್ರೆ ಹೆಸರು ಹಾಕಿ ಮೊದಲು ಕಂಡ ನಂಬರ್ ಒತ್ತಿದೆ.

ಒಂದೇ ರಿಂಗಿಗೆ ಎತ್ತಿದ್ರು. ಅಲ್ಲೇ ಅನುಮಾನ ಬರಬೇಕಿತ್ತು. ಯಾವ ಆಸ್ಪತ್ರೆಯ ರಿಸೆಪ್ಷನ್ನು ಒಂದೇ ರಿಂಗಿಗೆ ಫೋನ್ ಎತ್ತುತ್ತೆ ಹೇಳಿ.

ಅವನ ಕನ್ನಡ ಸ್ವಲ್ಪ ತಡವರಿಸ್ತಿತ್ತು, ಆದ್ರೆ ಬಹಳ ಮರ್ಯಾದೆಯಿಂದ ಮಾತಾಡಿದ. ಮಗು ಹೆಸರು ಕೇಳಿದ, ಎಷ್ಟು ದಿನದಿಂದ ಜ್ವರ ಅಂತ ಕೇಳಿದ. ಆಮೇಲೆ ಕೇಳಿದ, "ತೂಕ ಎಷ್ಟು ಮೇಡಂ?" ನಾನು ಬಿದ್ದಿದ್ದು ಆ ಮಾತಿಗೆ. ಮಕ್ಕಳ ಡಾಕ್ಟ್ರ ಹತ್ರ ಹೋದವರಿಗೆಲ್ಲ ಗೊತ್ತು, ಔಷಧಿ ತೂಕದ ಮೇಲೇ ಬರೆಯೋದು, ಒಳಗೆ ಬಿಡೋಕೆ ಮುಂಚೆ ನರ್ಸ್ ತಕ್ಕಡಿ ಮೇಲೆ ನಿಲ್ಲಿಸ್ತಾರೆ. ತೂಕ ಕೇಳಿದವನು ಕಳ್ಳ ಆಗಿರಬಹುದು ಅಂತ ನನಗೆ ಹೊಳೀಲೇ ಇಲ್ಲ. "ಹದಿನೈದೂವರೆ ಕೆಜಿ" ಅಂದೆ. "ಬರ್ಕೊಂಡೆ ಮೇಡಂ. ನಿಮ್ಮದು ಟೋಕನ್ 11, ಹತ್ತೂವರೆಗೆ ಬನ್ನಿ. ಬುಕಿಂಗ್‌ಗೆ 10 ರೂಪಾಯಿ ಆಗುತ್ತೆ, ವಾಟ್ಸಾಪ್‌ಗೆ ಕಳಿಸ್ತೀನಿ."

ಬಂತು. ಆಸ್ಪತ್ರೆಯ ಲೋಗೋ ಇರೋ ಒಂದು ಎಪಿಕೆ ಫೈಲ್, ಅಂದ್ರೆ ಒತ್ತಿದ್ರೆ ಪ್ಲೇ ಸ್ಟೋರ್ ಇಲ್ಲದೇನೇ ಫೋನಿಗೆ ಆ್ಯಪ್ ಹಾಕೋ ಫೈಲ್. ಒತ್ತಿದ್ರೆ ಫೋನೇ ಬೇಡ ಅಂತ ಎಚ್ಚರಿಸ್ತು. "ಅದು ಹಾಗೇ ಬರುತ್ತೆ ಮೇಡಂ, ಅಲೋ ಕೊಡಿ" ಅಂದ. ಕೊಟ್ಟೆ. ಮೆಸೇಜ್ ಓದೋ ಅನುಮತಿ ಕೇಳ್ತು, ಅದನ್ನೂ ಕೊಟ್ಟೆ. ಒಂದು ಕೈಯಲ್ಲಿ ಮಗ, ಅವನು ಭುಜದ ಮೇಲೆ ವಾಂತಿ ಮಾಡ್ಕೊಂಡಿದ್ದ, ಇನ್ನೊಂದು ಕೈಯಲ್ಲಿ ಫೋನು. "ಯುಪಿಐ ಸರ್ವರ್ ಡೌನ್ ಇದೆ, ಕಾರ್ಡ್ ನಂಬರ್ ಹಾಕಿ, ಹತ್ತೇ ರೂಪಾಯಿ ಅಲ್ವಾ." ಹಾಕಿದೆ, ಕಾರ್ಡಿನ ಹಿಂಬದಿಯ ಮೂರು ಅಂಕಿ ಸಮೇತ. ನಾನು ಕಾಲೇಜು ಆಫೀಸಲ್ಲಿ ಫೀಸ್ ಕೌಂಟರ್‌ನಲ್ಲಿ ಕೂರೋಳು. ದಿನಾ ಹುಡುಗರಿಗೆ ಬುದ್ಧಿ ಹೇಳೋಳು. ಹಾಕಿದೆ.

ಹತ್ತೂವರೆಗೆ ಆಸ್ಪತ್ರೆಗೆ ಹೋದ್ರೆ ಟೋಕನ್ 11 ಬೇರೆ ಯಾರದೋ. ರಿಸೆಪ್ಷನ್ ಹುಡುಗಿ ರಿಜಿಸ್ಟರ್ ಮೇಲೆ ಬೆರಳಾಡಿಸಿ "ಹೆಸರೇ ಇಲ್ವಲ್ಲ ಮೇಡಂ" ಅಂದ್ಲು. ಆಗಲೂ ನಾನು ಅವಳ ಮೇಲೇ ರೇಗಿದೆ. ಸರಿ, ಹೊಸದಾಗಿ ಬರೆಸೋಣ ಅಂತ 700 ರೂಪಾಯಿಗೆ ಸ್ಕ್ಯಾನ್ ಮಾಡಿದ್ರೆ ಬ್ಯಾಲೆನ್ಸ್ ಸಾಲದು ಅಂತು. ಬ್ಯಾಂಕ್ ಆ್ಯಪ್ ತೆಗೆದೆ. ಖಾತೆಯಲ್ಲಿ 412 ರೂಪಾಯಿ. 49,000 ಒಂದು ಸಲ, 38,500 ಇನ್ನೊಂದು ಸಲ. ಎರಡೂ ನಾವು ಆಟೋದಲ್ಲಿ ಬರ್ತಿದ್ದಾಗ ಹೋಗಿದ್ದು. ಓಟಿಪಿ ಬಂದದ್ದು ನನ್ನ ಫೋನಿಗೇ, ಓದಿದ್ದು ಆ ದರಿದ್ರ ಆ್ಯಪು. ನನಗೆ ಒಂದೂ ಕಾಣಿಸಲಿಲ್ಲ. ಹಿಂದೆ ಕ್ಯೂನಲ್ಲಿದ್ದವರು "ಬೇಗ ಮೇಡಂ" ಅಂತಿದ್ರು.

ಅಲ್ಲಿ ಕೂತು ನಾನು ಮಾಡಿದ ದೊಡ್ಡ ತಪ್ಪು ಕೇಳಿ. ಅವನಿಗೇ ಫೋನ್ ಮಾಡಿದೆ. ಎತ್ತಿದ! "ತಾಂತ್ರಿಕ ತೊಂದರೆ ಮೇಡಂ, ರೀಫಂಡ್ ಆಗುತ್ತೆ, ಬೇರೆ ಕಾರ್ಡ್ ಇದ್ರೆ ಹಾಕಿ, ಅದಕ್ಕೇ ವಾಪಸ್ ಬರುತ್ತೆ." ಇಪ್ಪತ್ತು ನಿಮಿಷ ಹಾಗೇ ಎಳೆದ. ನಾನು ಕಿರುಚಿದಾಗ ಏನಂದ ಗೊತ್ತಾ? "ಟೆನ್ಷನ್ ಮಾಡ್ಕೋಬೇಡಿ ಮೇಡಂ. ಮಗು ಹೇಗಿದೆ ಈಗ?"

ಮಗು ಹೇಗಿದೆ ಅಂತೆ.

ಆಸ್ಪತ್ರೆಯವರದ್ದು ಇನ್ನೊಂದು ಕಥೆ. "ಅದು ನಮ್ಮ ನಂಬರ್ ಅಲ್ಲ ಮೇಡಂ, ಈ ತಿಂಗಳು ನಾಲ್ಕೈದು ಜನ ಹೀಗೇ ಬಂದಿದ್ರು." ನಾಲ್ಕೈದು ಜನ! "ಮತ್ತೆ ಯಾಕೆ ಯಾರಿಗೂ ಹೇಳಿಲ್ಲ?" ಅಂದ್ರೆ "ನೋಟಿಸ್ ಹಾಕಿದ್ದೀವಲ್ಲ" ಅಂತ ತೋರಿಸಿದ್ರು. ಕುಡಿಯೋ ನೀರಿನ ಫಿಲ್ಟರ್ ಹಿಂದೆ ಅಂಟಿಸಿದ ಎ4 ಹಾಳೆ. ಫೋನ್ ಮಾಡೋರು ಮನೆಯಲ್ಲಿರ್ತಾರೆ ಸ್ವಾಮಿ, ನಿಮ್ಮ ಫಿಲ್ಟರ್ ಹಿಂದೆ ಅಲ್ಲ. ಗೂಗಲ್ ಮ್ಯಾಪ್‌ನಲ್ಲಿ ಫೋನ್ ನಂಬರಿಗೆ ಯಾರು ಬೇಕಾದ್ರೂ ತಿದ್ದುಪಡಿ ಸೂಚಿಸಬಹುದಂತೆ. ಅದನ್ನ ಆಗಾಗ ನೋಡ್ಕೊಳ್ಳೋಕೆ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರಿಲ್ವಾ?

ಗಂಡ ಬಂದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರು, ಕಾರ್ಡ್ ಬ್ಲಾಕ್ ಮಾಡಿಸಿದ್ರು, ಸಂಜೆ ಸೈಬರ್ ಕ್ರೈಂ ಪೊಲೀಸ್ ಠಾಣೆಗೂ ಹೋಗಿ ಬಂದ್ವಿ. 11,000 ಮಾತ್ರ ಯಾವುದೋ ಖಾತೆಯಲ್ಲಿ ತಡೆ ಹಿಡಿದಿದ್ದಾರೆ. ಅದೂ ಇನ್ನೂ ಕೈಗೆ ಬಂದಿಲ್ಲ. ಆ ಇಪ್ಪತ್ತು ನಿಮಿಷ ಕಳ್ಳನ ಜೊತೆ ಜಗಳ ಆಡದಿದ್ರೆ ಇನ್ನಷ್ಟು ಉಳೀತಿತ್ತೇನೋ. ಬ್ಯಾಂಕಿನವರು ರಿಸರ್ವ್ ಬ್ಯಾಂಕಿನ ನಿಯಮ ಮುಂದಿಟ್ಟು "ನೀವೇ ವಿವರ ಕೊಟ್ಟಿದ್ದೀರಿ, ನಮಗೆ ತಿಳಿಸೋ ತನಕ ಆದ ನಷ್ಟ ನಿಮ್ಮದೇ" ಅಂದ್ರು. ತಿಳಿಸಿದ ಮೇಲೆ ಹೋದ್ರೆ ಬ್ಯಾಂಕಿನದ್ದು. ಹೋಗೋಕೆ ಉಳಿದಿದ್ದು 412.

ದುಡ್ಡು ಹೋದ್ರೆ ಮೊದಲು 1930, ಆಮೇಲೆ ಬ್ಯಾಂಕು, ಅಳೋದು ಕಡೆಗೆ. ಆಸ್ಪತ್ರೆ ನಂಬರ್ ಹಳೇ ಚೀಟಿ ಮೇಲೋ ಫೈಲ್ ಮೇಲೋ ಇರೋದನ್ನೇ ನೋಡಿ ಮಾಡಿ. ಇಲ್ಲಾಂದ್ರೆ ಮಗೂನ ಎತ್ಕೊಂಡು ನೇರ ಹೋಗಿಬಿಡಿ. ಟೋಕನ್ ಇಲ್ಲ ಅಂದ್ರೆ ಕೂತಿರಿ, ನೋಡ್ತಾರೆ. ನಾನೂ ಇಲ್ಲಿನ ಸರ್ಕಾರಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಹೋಗಿ ಕ್ಯೂ ನಿಂತಿದ್ರೆ ಇದ್ಯಾವುದೂ ಆಗ್ತಿರಲಿಲ್ಲ. ವಾಟ್ಸಾಪಲ್ಲಿ ಎಪಿಕೆ ಅಂತ ಯಾವುದೇ ಫೈಲ್ ಬರಲಿ, ಮದುವೆ ಕರೆಯೋಲೆ ಅಂದ್ರೂ ಸರಿ, ಮುಟ್ಟಬೇಡಿ.

ಕೊನೆಗೆ ಡಾಕ್ಟ್ರು ಮಧ್ಯಾಹ್ನ ಒಂದೂವರೆಗೆ ನೋಡಿದ್ರು, ಟೋಕನ್ ಇಲ್ಲದೇನೇ. ಡೆಂಗ್ಯೂ ಅಲ್ಲ, ವೈರಲ್. ಮಗ ಈಗ ಓಡಾಡ್ಕೊಂಡಿದ್ದಾನೆ. ಮೊನ್ನೆ ಮತ್ತೆ ತೋರಿಸೋಕೆ ಹೋದಾಗ ನೋಡಿದೆ, ಆ ಹಾಳೆ ಅಲ್ಲೇ ಇದೆ, ಫಿಲ್ಟರ್ ಹಿಂದೆ, ಒಂದು ಮೂಲೆ ನೀರು ತಾಗಿ ಕಿತ್ತು ಬಂದಿದೆ.