ಕೋವಿಯೋ, ಒಳಚಿಲಕವೋ?

ತೋಟದ ಒಂಟಿಮನೆ. ರಾತ್ರಿ 2 ಗಂಟೆಗೆ ಹಿತ್ತಿಲ ಬಾಗಿಲು ಮೀಟುವ ಸದ್ದು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿ ಗೋಡೆಯ ಮೇಲಿದೆ. ಕೈ ಹಾಕಬೇಕೇ?

ಕೋವಿ ಹಿಡಿದವರನ್ನು ಕಾನೂನು ಪೂರ್ತಿ ಕೈಬಿಡುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 41ರ ಪ್ರಕಾರ, ದರೋಡೆಗೆ ಇಳಿದರೆ, ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ನುಗ್ಗಿದರೆ, ವಾಸದ ಮನೆಗೆ ಬೆಂಕಿಯಿಟ್ಟರೆ, ಸ್ವತ್ತಿನ ರಕ್ಷಣೆಯ ಹಕ್ಕು ಪ್ರಾಣ ತೆಗೆಯುವವರೆಗೂ ಚಾಚುತ್ತದೆ. ಬರೀ ಕಳ್ಳತನಕ್ಕೆ ಅಷ್ಟು ಹಕ್ಕಿಲ್ಲ. ಜೀವಕ್ಕೋ ತೀವ್ರ ಗಾಯಕ್ಕೋ ಹೆದರುವಂಥ ಸನ್ನಿವೇಶ ಇರಬೇಕು. ಸೆಕ್ಷನ್ 37 ಇದಕ್ಕೆ ಕಡಿವಾಣ: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಓಡುವವನ ಬೆನ್ನಿಗೆ ಗುಂಡು ಹೊಡೆದು ಇದರಿಂದ ಪಾರಾಗುವುದು ಕಷ್ಟ.

ಒಳಚಿಲಕದ ದಾರಿಯಲ್ಲಿ ಎಲ್ಲರೂ ಒಂದೇ ಕೋಣೆ ಸೇರಿ, ಚಿಲಕ ಜಡಿದು, ಜೋರಾಗಿ ಕೂಗಿ 112ಕ್ಕೆ ಫೋನ್ ಮಾಡುವುದು. ಬೀರುವಿನ ಒಡವೆ ಹೋಗಬಹುದು. ಪೊಲೀಸರು ಬರುವುದು ತಡವಾಗಬಹುದು. ಒಂಟಿಮನೆಗೆ ಇದೇ ದೊಡ್ಡ ಕೊರತೆ.

ನಾನು ಚಿಲಕದ ಕಡೆ. ಕತ್ತಲಲ್ಲಿ ಕಾಣುವುದು ಬರೀ ಆಕಾರ. ಅದು ಬಸ್ಸು ತಪ್ಪಿ ತಡವಾಗಿ ಬಂದ ಮಗನೂ ಆಗಿರಬಹುದು. ಆ ಕೋಣೆಯ ಬಾಗಿಲನ್ನೂ ಒಡೆಯತೊಡಗಿದರೆ ಮಾತು ಬೇರೆ.